ನಮ್ಮ ವಾರ್ಡಿನವರು ಯಾರು?

ಅಮ್ಮ ಇವತ್ತು ಹಳೇ ಡಬ್ಬಿಯಲ್ಲಿ ಏನೋ ಹುಡುಕುತ್ತಿದ್ದರು. 2015ರ ಆಗಸ್ಟ್‌ನ ಬೆಂಗಳೂರು ಪಾಲಿಕೆ ಚುನಾವಣೆಯ ಮತದಾರರ ಚೀಟಿ ಸಿಕ್ಕಿತು. ಅವತ್ತು ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಂತಿದ್ದೆವು.

ಆಮೇಲೆ? ಐದು ವರ್ಷಕ್ಕೆ ಐದು ಮೇಯರ್‌ಗಳು. ವರ್ಷಕ್ಕೊಬ್ಬರು ಬದಲಾದರೆ ಕೆಲಸ ಕಲಿಯೋದು ಯಾವಾಗ? 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ. ಆಗಲಿಲ್ಲ. ಐದು ವರ್ಷ ಅಧಿಕಾರಿಗಳೇ ಬೆಂಗಳೂರು ನಡೆಸಿದರು. 2025ರಲ್ಲಿ ಆ ಪಾಲಿಕೆ, ಅಂದರೆ ಬಿಬಿಎಂಪಿ, ಹೋಗಿ ಐದು ಪಾಲಿಕೆಗಳಾದವು. ಅಷ್ಟೊತ್ತಿಗೂ, 2015ರ ನಂತರ ಪಾಲಿಕೆಗೆ ಒಂದು ಮತ ಹಾಕಿರಲಿಲ್ಲ ನಾವು.

ನನಗೆ ಇದಕ್ಕಿಂತ ಜಾಸ್ತಿ ಕಾಡೋದು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ವಿಷಯ. ಊರು ಎತ್ತ ಬೆಳೆಯಬೇಕು, ಯಾರ ಹೊಲ ಬಡಾವಣೆ ಆಗಬೇಕು, ಎಲ್ಲ ವರ್ಷಗಟ್ಟಲೆ ಅಲ್ಲೇ ತೀರ್ಮಾನ ಆಗುತ್ತಿತ್ತು. ಅದರ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ, ನಾವಲ್ಲ. ಒಂದು ಕೆರೆ ಪಕ್ಕ ರಸ್ತೆ ಮಾಡೋದಾದರೆ ಅದರ ನಕ್ಷೆ ಮೊದಲು ಆ ವಾರ್ಡಿನ ಜನರ ಮುಂದೆ ಬರಬೇಕು, ಅಲ್ವಾ? ಖರ್ಚಿನ ಲೆಕ್ಕವನ್ನೂ ಚುನಾವಣೆ ಗೆದ್ದು ಬಂದ ಸದಸ್ಯರು ಕೂತು ಕೇಳಬೇಕು.

ಅಮ್ಮ ಚೀಟಿಯನ್ನು ಮಡಚಿ ಮತ್ತೆ ಡಬ್ಬಿಗೇ ಹಾಕಿದರು. "ಇರಲಿ, ಬಿಸಾಕಬೇಡ" ಅಂದರು.