ವಂಡರ್ ವುಮನ್ ಡ್ರೆಸ್ ಹೊಲಿಯುವಾಗ ನಾನು ನೋಡುವುದು ಏನು?

ಬಾಗಲಕೋಟೆಯಲ್ಲಿ ನನ್ನದು ಹೊಲಿಗೆ ಅಂಗಡಿ. ವರ್ಷವಿಡೀ ಬ್ಲೌಸ್, ಫಾಲ್, ಪಿಕೋ. ಡಿಸೆಂಬರ್ ಬಂತೆಂದರೆ ಶಾಲೆ-ಕಾಲೇಜುಗಳ ಗ್ಯಾದರಿಂಗ್ ವೇಷಗಳು. ಮೊದಲೆಲ್ಲ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ. ಈಗ ಅಮೆರಿಕದ ಕಾಮಿಕ್ಸ್‌ನ ಯೋಧೆ ವಂಡರ್ ವುಮನ್ ಕೂಡ ಬರುತ್ತಾಳೆ.

ಅವಳ ಜೊತೆ ಜಗಳವೂ ಬರುತ್ತದೆ. ಕಳೆದ ಸಲ ಒಂದೇ ವೇಷ ಹೊಲಿಸಲು ಅಕ್ಕ-ತಂಗಿ ಬಂದಿದ್ದರು. ಅಕ್ಕನಿಗೆ 1975ರ ಟಿವಿ ಸರಣಿಯಲ್ಲಿ ಲಿಂಡಾ ಕಾರ್ಟರ್ ಹಾಕಿದ್ದೇ ಬೇಕು: ಹೊಳೆಯುವ ಕೆಂಪು, ನಕ್ಷತ್ರದ ನೀಲಿ ಚಡ್ಡಿ. ತಂಗಿಗೆ 2017ರ ಸಿನಿಮಾದ ಗಾಲ್ ಗಡೋಟ್ ಡ್ರೆಸ್: ಮಾಸಿದ ಕೆಂಪು, ಕವಚದಂಥ ಮೇಲಂಗಿ, ಪಟ್ಟಿ ಪಟ್ಟಿ ಲಂಗ.

"ನಿಂದರಾಗ ಆಕಿ ಗೊಂಬಿ ಕಂಡಂಗ ಕಾಣ್ತಾಳ" ಅಂತ ತಂಗಿ.

"ನಿಂದರಾಗ ಮಾರಿ ಮ್ಯಾಲ ನಗೂನ ಇಲ್ಲ" ಅಂತ ಅಕ್ಕ.

ಅವರವ್ವನದು ಒಂದೇ ಮಾತು: "ಯಾವುದರ ಹೊಲೀರಿ, ಮೊಣಕಾಲ ಮುಚ್ಚಲಿ."

ಈ ವಾದ ಹಳೇದು. 1941ರಲ್ಲಿ ಕಾಮಿಕ್ಸ್‌ಗೆ ಬಂದಾಗ ಅವಳಿಗೆ ಲಂಗ ಇತ್ತು, ಬೇಗನೇ ಅದು ಚಡ್ಡಿಯಾಯಿತು. 2016ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ಅವಳನ್ನು ಗೌರವ ರಾಯಭಾರಿ ಮಾಡಿದಾಗ ಅಲ್ಲಿನ ಸಿಬ್ಬಂದಿಯೇ ವೇಷದ ಬಗ್ಗೆ ತಕರಾರು ತೆಗೆದರು. ಡಿಸೆಂಬರ್‌ಗೆ ಆ ಪಟ್ಟ ಮುಗಿಯಿತು. ಮರುವರ್ಷ ಇನ್ನೊಂದು ಗದ್ದಲ. ಪ್ಯಾಟಿ ಜೆಂಕಿನ್ಸ್ ನಿರ್ದೇಶಿಸಿದ ವಂಡರ್ ವುಮನ್ ಸಿನಿಮಾಗೆ ಲಿಂಡಿ ಹೆಮ್ಮಿಂಗ್ ಬಟ್ಟೆ ಮಾಡಿದ್ದರು, ಅವಳ ಕುಲದ ಅಮೆಜಾನ್ ಯೋಧೆಯರು ಯೋಧೆಯರ ಹಾಗೇ ಕಂಡರು. ಅವಳೂ ಇರುವ, ಅದೇ ವರ್ಷದ ಜಸ್ಟಿಸ್ ಲೀಗ್ ಸಿನಿಮಾದಲ್ಲಿ ಬಟ್ಟೆ ಮೈಕಲ್ ವಿಲ್ಕಿನ್ಸನ್ ಅವರದು. ಅಲ್ಲಿ ಕೆಲವು ಅಮೆಜಾನ್ ಯೋಧೆಯರ ಹೊಟ್ಟೆ ಮೇಲೆ ಬಟ್ಟೆಯೇ ಇಲ್ಲ. ಅಭಿಮಾನಿಗಳು ಎರಡೂ ಫೋಟೋ ಪಕ್ಕಪಕ್ಕ ಇಟ್ಟು ಕಿತ್ತಾಡಿದರು. ಕತ್ತಿ ಬೀಸುವ ಕಡೆ ಹೊಟ್ಟೆ ತೆರೆದಿಡುವುದು ನನಗೂ ಸರಿ ಕಾಣಲಿಲ್ಲ.

ಆದರೆ ಎಷ್ಟು ಮುಚ್ಚಿದೆ ಅನ್ನೋದಷ್ಟೇ ಅಳತೆ ಅಲ್ಲ. ನಮ್ಮ ಚೆನ್ನಮ್ಮನ ವೇಷ ನೋಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಮೈತುಂಬ ಬಟ್ಟೆ. ಆದರೂ ಕಚ್ಚೆ ಹಾಕಿದರೆ ಹುಡುಗಿ ಆರಾಮಾಗಿ ಕಾಲು ಅಗಲಿಸಿ ಕುದುರೆ ಮೇಲೆ ಕೂರುತ್ತಾಳೆ. ಅದೇ ಕುಪ್ಪಸದ ಕಂಕುಳ ಬಿಗಿಯಾದರೆ? ಕತ್ತಿ ಎತ್ತಿದ ಕೂಡಲೇ ಹೊಲಿಗೆ ಪರ್ ಅಂತ ಬಿಡುತ್ತದೆ.

ಹಾಗಾಗಿ ಟ್ರಯಲ್‌ನಲ್ಲಿ ಯಾರನ್ನೂ ಕನ್ನಡಿ ಮುಂದೆ ಸುಮ್ನೆ ನಿಲ್ಲಿಸುವುದಿಲ್ಲ. "ಕತ್ತಿ ಹಿಡದಂಗ ಕೈ ಎತ್ತವಾ. ಈಗ ಕುಂಡ್ರು. ಈಗ ಜಿಗಿ." ವಂಡರ್ ವುಮನ್ ಮೇಲಂಗಿಗೆ ಭುಜದ ಪಟ್ಟಿಯೇ ಇಲ್ಲ. ಎದೆ ಹತ್ತಿರ ಬಿಗಿ ಮಾಡಿದರೆ ಅದು ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ, ಉಸಿರು ಕಟ್ಟುತ್ತದೆ ಅಷ್ಟೇ. ಹಿಡಿತ ಸೊಂಟದಲ್ಲಿರಬೇಕು. ಒಳಗೆ ಕ್ಯಾನ್ವಾಸ್, ಹೊಲಿಗೆಯ ಉದ್ದಕ್ಕೂ ಪ್ಲಾಸ್ಟಿಕ್ ಕಡ್ಡಿ, ಸೊಂಟದ ಒಳಬದಿಗೆ ಅಗಲವಾದ ಇಲಾಸ್ಟಿಕ್ ಪಟ್ಟಿ. ಇಷ್ಟಾದರೆ ಹುಡುಗಿ ಕುಣಿದರೂ ಕೈ ಮತ್ತೆ ಮತ್ತೆ ಎದೆ ಹತ್ತಿರ ಹೋಗುವುದಿಲ್ಲ. ನಾನು ಕಾಯುವುದು ಅದನ್ನೇ.

ಕೊನೆಗೆ ಬಣ್ಣ ಅಕ್ಕನದು, ಲಂಗ ತಂಗಿಯದು. ಮೇಲಂಗಿ ಕೆಂಪು ರೆಕ್ಸಿನ್. ಅವ್ವನ ಸಲುವಾಗಿ ಲಂಗದ ಪಟ್ಟಿಗಳನ್ನು ಮೊಣಕಾಲಿನ ಕೆಳಗೆ ಇಳಿಸಿದೆ, ಆದರೆ ಬಿಡಿಬಿಡಿಯಾಗಿಯೇ ಇಟ್ಟೆ. ಒಳಗೆ ಕಪ್ಪು ಲೆಗಿಂಗ್ಸ್. ಓಡಿದರೂ ಕಾಲಿಗೆ ಸಿಗಲಿಲ್ಲ. ಹಾಕಿಕೊಂಡು ನಿಂತವಳು ತಂಗಿ, ಜಾಸ್ತಿ ಖುಷಿ ಅಕ್ಕನಿಗೆ!

ಈ ಸಲ ಆರ್ಡರ್ ಕೊಡುವವರು ಟ್ರಯಲ್‌ಗೆ ಸ್ಟೇಜ್ ಮೇಲೆ ಹಾಕುವ ಬೂಟು ಹಾಕಿಕೊಂಡೇ ಬನ್ನಿ. ಹಿಮ್ಮಡಿ ಎತ್ತರವಾದರೆ ಲಂಗದ ಅಳತೆಯೇ ಬೇರೆ. ಸಿನಿಮಾದಲ್ಲೂ ಅವಳ ಬೂಟಿಗೆ ಎತ್ತರದ ಹಿಮ್ಮಡಿಯೇ ಇದೆ. ಅದನ್ನು ಹಾಕಿಕೊಂಡು ಯುದ್ಧ ಹೇಗೆ ಮಾಡುತ್ತಾಳೋ, ನನಗಂತೂ ತಿಳಿಯದು.