ಬರ್ಲಿನ್ ಸಂತೆಯಲ್ಲಿ ಸಿಕ್ಕ ವೇರ್‌ಪಾಸ್

ಭಾನುವಾರ ಬೆಳಿಗ್ಗೆ ಟಿಯರ್‌ಗಾರ್ಟನ್ ಸ್ಟೇಷನ್‌ನಲ್ಲಿ ಇಳಿದೆ. ಅಲ್ಲೇ ಪಕ್ಕದಲ್ಲಿ ಹಳೇ ಸಾಮಾನಿನ ಸಂತೆ. ಪಿಂಗಾಣಿ ತಟ್ಟೆ, ಬಾಗಿಲ ಹಿಡಿಕೆ, ಗ್ರಾಮಫೋನ್ ಪ್ಲೇಟುಗಳನ್ನೆಲ್ಲ ದಾಟಿ ಹೋದರೆ ಒಂದು ಟೇಬಲ್ ಮೇಲೆ ಬೂದು ಬಣ್ಣದ ಪುಟ್ಟ ಪುಸ್ತಕ ಕಂಡಿತು. ರಟ್ಟಿನ ಮೇಲಿನ ನಾಜಿ ಚಿಹ್ನೆಗೆ ಸ್ಟಿಕ್ಕರ್ ಅಂಟಿಸಿದ್ದರು. ಜರ್ಮನಿಯಲ್ಲಿ ಅದನ್ನು ಸುಮ್ನೆ ನಾಲ್ಕು ಜನರ ಮುಂದೆ ಇಡುವಂತಿಲ್ಲ, ಕಾನೂನಿದೆ.

ನಾನು ಹುಡುಕಿಕೊಂಡು ಬಂದದ್ದೇ ಇದನ್ನು. ವೇರ್‌ಪಾಸ್, ಎರಡನೇ ಮಹಾಯುದ್ಧದ ಜರ್ಮನ್ ಸೈನಿಕನ ಸೇವಾ ದಾಖಲೆ. ಝೋಲ್ಡ್‌ಬುಖ್ ಅಂತ ಇನ್ನೊಂದಿದೆ. ಅದು ಸೈನಿಕನ ಜೇಬಿನಲ್ಲೇ ಇರುತ್ತಿತ್ತು. ಸಂಬಳ, ಬ್ಲಡ್ ಗ್ರೂಪ್, ಲಸಿಕೆ, ಗ್ಯಾಸ್ ಮಾಸ್ಕಿನ ಅಳತೆ ಕೂಡ ಅದರಲ್ಲಿರುತ್ತಿತ್ತು. ವೇರ್‌ಪಾಸನ್ನು ಮಾತ್ರ ಸೈನ್ಯಕ್ಕೆ ಸೇರಿದ ಮೇಲೆ ತುಕಡಿಯ ಕಚೇರಿಗೆ ಒಪ್ಪಿಸಬೇಕಿತ್ತು. ಅವನು ಯಾವ ಯಾವ ಕಾಳಗದಲ್ಲಿದ್ದ ಅಂತ ಅಲ್ಲಿಯವರು ಅದರಲ್ಲಿ ಬರೆಯುತ್ತಿದ್ದರು. ಅವನು ಸತ್ತರೆ ಪುಸ್ತಕ ಮನೆಯವರಿಗೆ ಹೋಗುತ್ತಿತ್ತು. 1945ರ ಏಪ್ರಿಲ್‌ನಲ್ಲಿ ಬರ್ಲಿನ್ ಪಕ್ಕದ ಪೋಟ್ಸ್‌ಡಾಮ್ ಮೇಲೆ ಬಾಂಬ್ ಬಿದ್ದು ಅಲ್ಲಿದ್ದ ಸೈನ್ಯದ ಎಷ್ಟೋ ದಾಖಲೆಗಳು ಸುಟ್ಟುಹೋದವು. ಮನೆಗಳಲ್ಲಿ ಉಳಿದ ಇಂಥ ಪುಸ್ತಕಗಳಿಗೆ ಅದಕ್ಕೇ ಅಷ್ಟು ಬೆಲೆ.

ತೆರೆದು ನೋಡಿದೆ. ಫೋಟೋದಲ್ಲಿ ಕೋಟು, ಟೈ ಹಾಕಿ ನೀಟಾಗಿ ತಲೆ ಬಾಚಿದ ಹುಡುಗ. ಸೈನ್ಯಕ್ಕೆ ಹೋಗುವ ಮೊದಲು ತೆಗೆಸಿದ್ದು. ಫೋಟೋಗೆ ಸಣ್ಣ ಲೋಹದ ರಿವೆಟ್ ಹೊಡೆದಿದ್ದಾರೆ, ಸುತ್ತ ತುಕ್ಕಿನ ಕಲೆ. ಕಸುಬು ಬಡಗಿ. ಕಾಳಗದ ಪುಟದಲ್ಲಿ ಮೊದಲ ತಾರೀಖು 22.6.1941, ಸೋವಿಯತ್ ಒಕ್ಕೂಟದ ಮೇಲೆ ದಾಳಿ ಶುರುವಾದ ದಿನ. ಆಮೇಲೆ ರಷ್ಯಾದ ಊರುಗಳು, ಸ್ಮೊಲೆನ್ಸ್ಕ್, ವ್ಯಾಜ್ಮಾ. ಒಂದೊಂದು ಸಾಲಿಗೆ ಒಂದೊಂದು ಕೈಬರಹ, ಒಂದೊಂದು ಶಾಯಿ.

ಪದಕ ಜಾಸ್ತಿ ಇದ್ದರೆ, ಹೆಸರುವಾಸಿ ತುಕಡಿಯಾದರೆ ರೇಟು ಏರುತ್ತದೆ ಅಂದರು ಅಂಗಡಿಯವರು. ಇದರಲ್ಲಿ ಎರಡೂ ಇರಲಿಲ್ಲ. ನನಗೆ ಬೇಕಾಗಿದ್ದೂ ಅದಲ್ಲ. ಚೌಕಾಸಿ ಮಾಡದೆ ಕೊಂಡೆ.

ಮಾರನೇ ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಕಾರ್ಲ್ಸ್‌ಹೋರ್ಸ್ಟ್ ಮ್ಯೂಸಿಯಂಗೆ ಹೋದೆ. 1945ರ ಮೇ 8ರ ರಾತ್ರಿ ಜರ್ಮನ್ ಸೇನೆ ಶರಣಾಗತಿಗೆ ಸಹಿ ಹಾಕಿದ ಮನೆ ಅದು. ಆ ದೊಡ್ಡ ಹಾಲ್ ಈಗಲೂ ಇದೆ. ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ಯುದ್ಧ ಕೈದಿಗಳ ಫೋಟೋಗಳ ಮುಂದೆ. ಜರ್ಮನ್ನರಿಗೆ ಸೆರೆಸಿಕ್ಕ ಸೋವಿಯತ್ ಸೈನಿಕರಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಹಸಿವಿನಿಂದಲೇ ಎಷ್ಟೋ ಜನ. 1941ರ ಅಕ್ಟೋಬರ್‌ನಲ್ಲಿ ವ್ಯಾಜ್ಮಾದ ಸುತ್ತಲೇ ಲಕ್ಷಗಟ್ಟಲೆ ಜನ ಸೆರೆಯಾಗಿದ್ದರು.

ಹೊರಗೆ ಬೆಂಚಿನ ಮೇಲೆ ಕೂತು ಪುಸ್ತಕ ತೆಗೆದೆ. ಆ ಬಡಗಿ ಅಲ್ಲಿ ಏನು ಮಾಡಿದ, ಏನು ನೋಡಿದ? ವ್ಯಾಜ್ಮಾಗೆ ಅದರಲ್ಲಿ ಇದ್ದದ್ದು ಒಂದೇ ಸಾಲು. ತಾರೀಖು, ಊರಿನ ಹೆಸರು, ಪಕ್ಕದಲ್ಲಿ ಯಾರದೋ ಚಿಕ್ಕ ಸಹಿ.