ಚಿಲ್ಲರೆಯಲ್ಲೊಂದು ಬಾವಲಿ

ಬಟ್ಟೆ ಒಗೆಯುವ ಮಷೀನಿಗೆ ಹಾಕಲು ಇವತ್ತು ಚಿಲ್ಲರೆ ಎಣಿಸುತ್ತಿದ್ದೆ. ಒಂದು ಕ್ವಾರ್ಟರ್, ಅಂದರೆ ಅಮೆರಿಕದ 25 ಸೆಂಟಿನ ನಾಣ್ಯದ ಮೇಲೆ ಬಾವಲಿ! ಮರಕ್ಕೆ ಜೋತುಬಿದ್ದ ತಾಯಿ, ಅವಳ ಮೈಗೆ ಅಂಟಿಕೊಂಡ ಪುಟ್ಟ ಮರಿ. ಆ ಮರಿಯನ್ನೇ ಎಷ್ಟೋ ಹೊತ್ತು ನೋಡಿದೆ.

ಇದು ಪೆಸಿಫಿಕ್ ಸಾಗರದಲ್ಲಿರುವ ಅಮೆರಿಕದ ದ್ವೀಪ ಪ್ರದೇಶ ಅಮೆರಿಕನ್ ಸಮೋವಾದ ರಾಷ್ಟ್ರೀಯ ಉದ್ಯಾನದ ನಾಣ್ಯ, 2020ರದ್ದು. 2010ರಿಂದ 2021ರವರೆಗೆ ಅಮೆರಿಕ ಇಂಥ 56 ನಾಣ್ಯ ತಂದಿತು. ರಾಜ್ಯಕ್ಕೊಂದು, ರಾಜಧಾನಿಗೊಂದು, ಐದು ದ್ವೀಪ ಪ್ರದೇಶಗಳಿಗೂ ಒಂದೊಂದು. ಯೊಸೆಮಿಟಿ ಉದ್ಯಾನಕ್ಕೆ ಎಲ್ ಕ್ಯಾಪಿಟನ್ ಬಂಡೆ, ಯೆಲ್ಲೋಸ್ಟೋನ್ ಉದ್ಯಾನಕ್ಕೆ ಚಿಮ್ಮುವ ಬಿಸಿನೀರು. ಚೆಂದವೇ, ಆದರೆ ನಿರೀಕ್ಷಿಸಿದ್ದೇ.

ಬಾವಲಿಯನ್ನು ಆರಿಸಲು ಮಾತ್ರ ದೊಡ್ಡ ಮನಸ್ಸು ಬೇಕು. ಕಾಡು ಕಡಿಮೆಯಾಗಿ, ಬೇಟೆ ಜಾಸ್ತಿಯಾಗಿ ಈ ಹಣ್ಣುಬಾವಲಿಗೆ ಕುತ್ತು ಬಂದಿದೆ. ಜನರ ಗಮನ ಅತ್ತ ಹೋಗಲಿ ಅಂತಲೇ ನಾಣ್ಯದ ಮೇಲೆ ತಂದರು. ಬೀಜ ಹರಡಿ ಕಾಡು ಬೆಳೆಸುವ ಜೀವ ಅದು. ನಮ್ಮಲ್ಲಿ ಎಷ್ಟೋ ಜನ ಅಪಶಕುನ ಅಂತ ಸುಮ್ನೆ ಓಡಿಸುತ್ತಾರೆ, ಅಲ್ವಾ?

ಅಂದ ಹಾಗೆ, ಫ್ಲಾರಿಡಾದ ಎವರ್‌ಗ್ಲೇಡ್ಸ್ ಉದ್ಯಾನದ 2014ರ ನಾಣ್ಯದಲ್ಲಿ ರೆಕ್ಕೆ ಹರಡಿ ಕೂತ ಹಕ್ಕಿಯೊಂದಿದೆ. ನಮ್ಮ ರಂಗನತಿಟ್ಟಿನ ಹಾವಕ್ಕಿಯ ಹತ್ತಿರದ ನೆಂಟ ಅದು. ನನಗಿನ್ನೂ ಸಿಕ್ಕಿಲ್ಲ. ಇಲ್ಲಿ ಅಮೆರಿಕದಲ್ಲಿರುವ ಗೆಳೆಯರೇ, ನಿಮ್ಮ ಚಿಲ್ಲರೆ ಡಬ್ಬಿ ಒಮ್ಮೆ ನೋಡ್ತೀರಾ?